ಓರಿಯೆಂಟಿಯರಿಂಗ್ ಓಟಗಾರರಿಗೆ ಹೊರಡುವ ನಿಮಿಷ ಹಂಚುವ ಪ್ರೋಗ್ರಾಂ: ಕಟ್ಟಿದ ಬಗೆ

ಓರಿಯೆಂಟಿಯರಿಂಗ್ ಸ್ಪರ್ಧೆಯಲ್ಲಿ ಓಟಗಾರರು ಸಾಮಾನ್ಯವಾಗಿ ಒಟ್ಟಿಗೆ ಹೊರಡುವುದಿಲ್ಲ. ನಕ್ಷೆ ಮತ್ತು ದಿಕ್ಸೂಚಿ ಹಿಡಿದು, ಕಾಡಿನಲ್ಲಿ ಇಟ್ಟಿರುವ ಕಂಟ್ರೋಲ್‌ಗಳನ್ನು, ಅಂದರೆ ತಲುಪಲೇಬೇಕಾದ ಗುರುತುಗಳನ್ನು, ಕ್ರಮವಾಗಿ ತಾವೇ ಹುಡುಕಿಕೊಂಡು ಹೋಗುವುದೇ ಈ ಆಟವಾಗಿರುವುದರಿಂದ, ಮುಂದೆ ಓಡುವವರ ಬೆನ್ನು ಕಾಣುವಂತಿದ್ದರೆ ನಕ್ಷೆ ಓದುವ ಅಗತ್ಯವೇ ಉಳಿಯುವುದಿಲ್ಲ. ಹಾಗಾಗಿ ಒಂದೇ ವರ್ಗದವರನ್ನು ನಿಗದಿತ ಅಂತರದಲ್ಲಿ ಒಬ್ಬೊಬ್ಬರನ್ನಾಗಿ ಬಿಡುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈ ಅಂತರ ದೀರ್ಘ ಓಟಕ್ಕೆ 3 ನಿಮಿಷ, ಮಧ್ಯಮ ಓಟಕ್ಕೆ 2 ನಿಮಿಷ, ಸ್ಪ್ರಿಂಟ್‌ಗೆ 1 ನಿಮಿಷ. ಸ್ಥಳೀಯ ಸ್ಪರ್ಧೆಗಳಲ್ಲಿ ಆಯೋಜಕರೇ ಅಂತರವನ್ನು ನಿರ್ಧರಿಸಬೇಕು. ಒಂದೇ ಸ್ಟಾರ್ಟ್‌ನಿಂದ ಹತ್ತಿಪ್ಪತ್ತು ವರ್ಗಗಳು ಹೊರಡುವಲ್ಲಿ ಕಷ್ಟ ಶುರುವಾಗುವುದೂ ಅಲ್ಲಿಂದಲೇ.

ಸ್ವೀಡನ್ನಿನ ಗೋಥೆನ್‌ಬರ್ಗ್ ಸಮೀಪದ ಕ್ಲಬ್ಬೊಂದರ ಸದಸ್ಯನಾಗಿ, ನಮ್ಮ ಮಧ್ಯಮ ದೂರದ ಸ್ಪರ್ಧೆಯ ಸ್ಟಾರ್ಟ್ ಪಟ್ಟಿ ತಯಾರಿಸುವ ಹೊಣೆ ನನಗೆ ಬಂದಿತ್ತು. ಇಲ್ಲಿ ಉಚಿತವಾಗಿ ಸಿಗುವ ಮಿಯೋಸ್ ಎಂಬ ತಂತ್ರಾಂಶವಿದೆ, ಜರ್ಮನಿಯ ಒಇ2010 ಇದೆ. ಚೀಟಿ ಎತ್ತುವ ಕೆಲಸವನ್ನು ಅವು ಚೆನ್ನಾಗಿಯೇ ಮಾಡುತ್ತವೆ. ನನಗೆ ಬೇಕಿದ್ದುದು ಫಲಿತಾಂಶದ ಜೊತೆಗೆ ಅದರ ಕಾರಣವೂ: ಕೊನೆಯ ಓಟಗಾರ 12 ಗಂಟೆಗೆ ಹೊರಡುವ ಬದಲು 11:20ಕ್ಕೆ ಹೊರಡಲು ಯಾವುದು ಅಡ್ಡಬರುತ್ತಿದೆ ಎಂಬುದು ನನಗೆ ಕಣ್ಣಿಗೆ ಕಾಣಬೇಕಿತ್ತು. ಕಾಡಿನಿಂದ ಕಂಟ್ರೋಲ್‌ಗಳನ್ನು ಹೊತ್ತು ತರುವ ಸ್ವಯಂಸೇವಕರ ಸಂಜೆ ಆ ನಲವತ್ತು ನಿಮಿಷದ ಮೇಲೆ ನಿಂತಿರುತ್ತದೆ. ಅದಕ್ಕಾಗಿ ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಅದನ್ನು ಕಟ್ಟಿದ ಬಗೆ ಇಲ್ಲಿದೆ.

ಕೋಡ್ ಬರೆಯುವ ಮೊದಲೇ ಒಂದು ತೀರ್ಮಾನ ಮಾಡಿಕೊಂಡೆ. ಸ್ಟಾರ್ಟ್ ಪಟ್ಟಿ ನೋಡುವುದಕ್ಕೆ ಒಂದೇ ಕೆಲಸದಂತೆ ಕಂಡರೂ ಅದರೊಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಯಾವ ವರ್ಗ ಯಾವ ನಿಮಿಷದಿಂದ, ಎಷ್ಟು ಅಂತರದಲ್ಲಿ ಹೊರಡಬೇಕು ಎನ್ನುವುದು ಲೆಕ್ಕ. ಅಲ್ಲಿ ಯಂತ್ರ ಎಷ್ಟು ಬೇಕಾದರೂ ಜಾಣತನ ತೋರಿಸಬಹುದು. ಆ ವರ್ಗದೊಳಗೆ ಯಾರು ಮೊದಲು, ಯಾರು ಕೊನೆ ಎನ್ನುವುದು ಚೀಟಿ. ಅಲ್ಲಿ ಯಂತ್ರದ ಜಾಣತನಕ್ಕೆ ಜಾಗವಿರಬಾರದು. ಎರಡನ್ನೂ ಒಂದೇ ಹೊಂದಾಣಿಕೆ ಲೆಕ್ಕಕ್ಕೆ ಒಪ್ಪಿಸಿದರೆ, ಪಟ್ಟಿಯನ್ನು ಎರಡು ನಿಮಿಷ ಚಿಕ್ಕದು ಮಾಡುವ ಸಲುವಾಗಿ ಅದು ಒಬ್ಬ ಓಟಗಾರ್ತಿಯನ್ನು ಹಿಂದಕ್ಕೋ ಮುಂದಕ್ಕೋ ತಳ್ಳೀತು, ಮತ್ತು ಹಾಗೆ ತಳ್ಳಿದ್ದನ್ನು ಆಕೆಗೆ ವಿವರಿಸುವುದು ನನ್ನಿಂದ ಆಗದು.

ಮೊದಲ ಕಂಟ್ರೋಲ್

ಒಂದೇ ಕೋರ್ಸಿನಲ್ಲಿ, ಅಂದರೆ ಕಂಟ್ರೋಲ್‌ಗಳ ಒಂದೇ ಸರಣಿಯಲ್ಲಿ, ಇಬ್ಬರು ಒಂದೇ ನಿಮಿಷಕ್ಕೆ ಹೊರಡಬಾರದು ಎಂಬ ನಿಯಮ ಎಲ್ಲರಿಗೂ ಸುಲಭವಾಗಿ ಹೊಳೆಯುತ್ತದೆ. ಕೋರ್ಸ್ ಬೇರೆಯಿದ್ದರೂ ಮೊದಲ ಕಂಟ್ರೋಲ್ ಒಂದೇ ಆಗಿದ್ದರೆ ಆ ಇಬ್ಬರೂ ಒಟ್ಟಿಗೆ ಹೊರಡಬಾರದು ಎಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. ಸ್ಟಾರ್ಟ್‌ನಿಂದ ಮೊದಲ ಕಂಟ್ರೋಲ್‌ವರೆಗಿನ ದಾರಿಯಲ್ಲಿಯೇ ಓಟಗಾರ ಹೊಸ ನಕ್ಷೆಗೆ ಕಣ್ಣನ್ನು ಹೊಂದಿಸಿಕೊಳ್ಳುವುದು. ಅಲ್ಲಿ ಪಕ್ಕದಲ್ಲಿ ಜೊತೆಗಾರನಿದ್ದರೆ ಆ ಪರೀಕ್ಷೆಯೇ ಮುಗಿದುಹೋಗುತ್ತದೆ. ಹಾಗಾಗಿ ನನ್ನ ಪ್ರೋಗ್ರಾಂ ವರ್ಗಗಳನ್ನು ಕೋರ್ಸಿನ ಪ್ರಕಾರವಲ್ಲದೆ ಮೊದಲ ಕಂಟ್ರೋಲಿನ ಪ್ರಕಾರ ಗುಂಪು ಮಾಡುತ್ತದೆ. ಒಂದೇ ಕೋರ್ಸಿನವರಿಗೆ ಮೊದಲ ಕಂಟ್ರೋಲ್ ಕೂಡ ಒಂದೇ ಆಗಿರುವುದರಿಂದ ಮೊದಲನೆಯ ನಿಯಮ ಎರಡನೆಯದರಲ್ಲಿ ತಾನಾಗಿ ಅಡಗಿಕೊಳ್ಳುತ್ತದೆ.

ಈ ಮಾಹಿತಿಯನ್ನು ಕೈಯಿಂದ ತುಂಬುವ ಅಗತ್ಯವಿಲ್ಲ. ಕೋರ್ಸ್ ಹಾಕುವವರು ಬಳಸುವ ಓಕ್ಯಾಡ್ ಆಗಲಿ, ಉಚಿತವಾದ ಪರ್ಪಲ್ ಪೆನ್ ಆಗಲಿ, ಅಂತರರಾಷ್ಟ್ರೀಯ ಓರಿಯೆಂಟಿಯರಿಂಗ್ ಒಕ್ಕೂಟ ನಿಗದಿಪಡಿಸಿರುವ ಎಕ್ಸ್‌ಎಂಎಲ್ 3.0 ಮಾದರಿಯಲ್ಲಿ ಕೋರ್ಸ್ ಮಾಹಿತಿಯನ್ನು ಕೊಡುತ್ತವೆ. ಪ್ರತಿ ಕೋರ್ಸಿನೊಳಗೆ ಕಂಟ್ರೋಲ್‌ಗಳು ಕ್ರಮವಾಗಿ ಬರುತ್ತವೆ, ಒಂದೊಂದಕ್ಕೂ ಸ್ಟಾರ್ಟ್, ಕಂಟ್ರೋಲ್, ಫಿನಿಶ್ ಎಂಬ ಬಗೆ ನಮೂದಾಗಿರುತ್ತದೆ. ಸ್ಟಾರ್ಟ್ ಆದ ಮೇಲೆ ಬರುವ ಮೊದಲನೆಯದರ ಸಂಕೇತ ಸಂಖ್ಯೆಯನ್ನು ಎತ್ತಿಕೊಂಡರೆ ಸಾಕು. ನಕ್ಷೆಯ ಮೇಲಿನ ಸ್ಥಾನಗಳೂ ಅದೇ ಕಡತದಲ್ಲಿರುವುದರಿಂದ, ಸ್ಟಾರ್ಟ್‌ನಿಂದ ಮೊದಲ ಕಂಟ್ರೋಲಿನ ದಿಕ್ಕನ್ನು ಲೆಕ್ಕ ಹಾಕಿ, ಕಂಟ್ರೋಲ್ ಬೇರೆಯಾದರೂ ಎರಡು ಕೋರ್ಸ್‌ಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಹೊರಡುತ್ತಿದ್ದರೆ ಎಚ್ಚರಿಕೆಯ ಸಾಲೊಂದನ್ನು ಮುದ್ರಿಸುವಂತೆ ಮಾಡಿದೆ. ಎಚ್ಚರಿಕೆ ಮಾತ್ರ, ನಿಷೇಧವಲ್ಲ. ದಿಕ್ಕು ಒಂದೇ ಇದ್ದರೂ ನಡುವೆ ಗುಡ್ಡವೊಂದು ಬಂದರೆ ಇಬ್ಬರ ದಾರಿಯೂ ಬೇರೆಯಾಗಬಹುದು, ಅದನ್ನು ನಕ್ಷೆ ನೋಡಿ ಮನುಷ್ಯರೇ ತೀರ್ಮಾನಿಸಬೇಕು.

ಹೆಚ್ಚಿನ ಅಂತರ, ಬೇಗ ಮುಕ್ತಾಯ

ನಮ್ಮ ಪಟ್ಟಿಯಲ್ಲಿ ಗಂಟು ಬಿದ್ದದ್ದು 47ನೇ ಸಂಖ್ಯೆಯ ಕಂಟ್ರೋಲಿನಲ್ಲಿ. ಮೂರು ದೊಡ್ಡ ವರ್ಗಗಳಿಗೆ ಅದೇ ಮೊದಲ ಕಂಟ್ರೋಲ್. ಗಂಡಸರ ಮುಖ್ಯ ವರ್ಗವಾದ ಎಚ್21ರಲ್ಲಿ, ತಡವಾಗಿ ಹೆಸರು ಕೊಡುವವರಿಗಾಗಿ ಇಟ್ಟ ಖಾಲಿ ಜಾಗಗಳೂ ಸೇರಿ, 41 ಸ್ಥಾನ. ನಲವತ್ತು ದಾಟಿದ ಗಂಡಸರ ಎಚ್40ರಲ್ಲಿ 36. ಹೆಂಗಸರ ಮುಖ್ಯ ವರ್ಗವಾದ ಡಿ21ರಲ್ಲಿ 27. ಒಟ್ಟು 104. ನಿಮಿಷಕ್ಕೊಬ್ಬರಂತೆ ಬಿಟ್ಟರೂ 104 ನಿಮಿಷಗಳು ಬೇಕೇ ಬೇಕು ಎಂಬುದು ಇಲ್ಲಿನ ಕನಿಷ್ಠ ಮಿತಿ. ಉಳಿದ ವರ್ಗಗಳನ್ನು ಹೇಗೆ ಜೋಡಿಸಿದರೂ ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ವರ್ಗದೊಳಗಿನ ಅಂತರ 2 ನಿಮಿಷ ಎಂದಿಟ್ಟುಕೊಂಡರೆ ಸಿಗುವುದು ಎರಡು ಸಾಲುಗಳು, ಸಮ ನಿಮಿಷಗಳದ್ದೊಂದು, ಬೆಸ ನಿಮಿಷಗಳದ್ದೊಂದು. ಮೂರು ವರ್ಗಗಳಲ್ಲಿ ಎರಡು ಒಂದೇ ಸಾಲಿನಲ್ಲಿ ಒಂದರ ಹಿಂದೊಂದು ನಿಲ್ಲಲೇಬೇಕು. ಎಚ್21 ಸಮ ಸಾಲಿನಲ್ಲಿ 0ಯಿಂದ 80ನೇ ನಿಮಿಷದವರೆಗೆ ಹೋಗುತ್ತದೆ. ಬೆಸ ಸಾಲಿನಲ್ಲಿ ಎಚ್40 1ರಿಂದ 71ರವರೆಗೆ, ಅದರ ಹಿಂದೆ ಡಿ21 73ರಿಂದ 125ರವರೆಗೆ. ಮೊದಲ ಓಟಗಾರ 10 ಗಂಟೆಗೆ ಹೊರಟರೆ ಕೊನೆಯ ಓಟಗಾರ್ತಿ 12:05ಕ್ಕೆ. ಜೋಡಿಯನ್ನು ಬದಲಿಸಿದರೆ ಪರಿಸ್ಥಿತಿ ಇನ್ನೂ ಹದಗೆಡುತ್ತದೆ: 41 ಮತ್ತು 27 ಒಂದೇ ಸಾಲಿಗೆ ಬಂದರೆ 68 ಸ್ಥಾನ, 41 ಮತ್ತು 36 ಬಂದರೆ 77.

ಅಂತರವನ್ನು 3 ನಿಮಿಷಕ್ಕೆ ಏರಿಸಿದರೆ ಮೂರು ಸಾಲುಗಳು ಸಿಗುತ್ತವೆ. ನಿಮಿಷವನ್ನು 3ರಿಂದ ಭಾಗಿಸಿದಾಗ ಶೇಷ 0 ಬರುವಲ್ಲಿ ಎಚ್21, ಶೇಷ 1 ಬರುವಲ್ಲಿ ಎಚ್40, ಶೇಷ 2 ಬರುವಲ್ಲಿ ಡಿ21. ಎಚ್21 0ಯಿಂದ 120ರವರೆಗೆ, ಎಚ್40 106ಕ್ಕೆ ಮುಗಿಯುತ್ತದೆ, ಡಿ21 80ಕ್ಕೇ ಮುಗಿಯುತ್ತದೆ. ಕೊನೆಯ ಸ್ಟಾರ್ಟ್ ಸರಿಯಾಗಿ 12 ಗಂಟೆಗೆ. ಅಂದರೆ ಅಂತರ ಹೆಚ್ಚಿದರೂ ಒಟ್ಟು ಸಮಯ ಐದು ನಿಮಿಷ ತಗ್ಗಿತು. ಒಂದೇ ವರ್ಗದವರು ಕಾಡಿನಲ್ಲಿ ಒಬ್ಬರ ಹಿಂದೊಬ್ಬರು ಸಿಕ್ಕಿಹಾಕಿಕೊಳ್ಳುವುದೂ ಕಡಿಮೆಯಾಯಿತು. ಅಂತರ ಕಡಿಮೆ ಮಾಡಿದರೆ ಬೇಗ ಮುಗಿಯುತ್ತದೆ ಎಂಬ ವಾದ ಸಮಿತಿಯ ಸಭೆಗಳಲ್ಲಿ ಬಲವಾಗಿ ಕೇಳಿಬರುತ್ತದೆ. ಒಂದೇ ವರ್ಗವಿದ್ದರೆ ಅದು ನಿಜ. ಮೊದಲ ಕಂಟ್ರೋಲನ್ನು ಹಂಚಿಕೊಂಡ ಹಲವು ವರ್ಗಗಳಿದ್ದರೆ, ಸಾಲುಗಳ ಸಂಖ್ಯೆಗೂ ವರ್ಗಗಳ ಸಂಖ್ಯೆಗೂ ಹೊಂದಿಕೆಯಾಗುತ್ತದೆಯೇ ಎಂಬುದನ್ನು ನೋಡಿಯೇ ಮಾತಾಡಬೇಕು.

ಒಂದೇ ಗುಂಪಿನಲ್ಲಿ ಒಂದು ವರ್ಗಕ್ಕೆ 2 ನಿಮಿಷ, ಇನ್ನೊಂದಕ್ಕೆ 3 ನಿಮಿಷ ಎಂದು ಬೆರೆಸಿದರೆ ಏನಾಗುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಎರಡು ವರ್ಗಗಳ ಆರಂಭದ ನಿಮಿಷಗಳ ವ್ಯತ್ಯಾಸವು ಎರಡೂ ಅಂತರಗಳ ಮ.ಸಾ.ಅ.ದಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಅವು ಎಂದೂ ಡಿಕ್ಕಿಯಾಗುವುದಿಲ್ಲ. 2 ಮತ್ತು 4 ಆದರೆ ಮ.ಸಾ.ಅ. 2, ಒಂದನ್ನು ಸಮದಲ್ಲಿ, ಇನ್ನೊಂದನ್ನು ಬೆಸದಲ್ಲಿ ಇಟ್ಟರೆ ಆಯಿತು. 2 ಮತ್ತು 3 ಆದರೆ ಮ.ಸಾ.ಅ. 1, 1ರಿಂದ ಭಾಗವಾಗದ ಸಂಖ್ಯೆಯೇ ಇಲ್ಲವಾದ್ದರಿಂದ, ಎರಡೂ ಒಟ್ಟಿಗೆ ಸಾಗುವಷ್ಟು ಹೊತ್ತು ಪ್ರತಿ 6 ನಿಮಿಷಕ್ಕೊಮ್ಮೆ ಡಿಕ್ಕಿ ಖಚಿತ. ಆದ್ದರಿಂದ ಒಂದು ಗುಂಪಿನೊಳಗಿನ ಅಂತರಗಳೆಲ್ಲ ಒಂದೇ ಮೂಲ ಅಂತರದ ಗುಣಕಗಳಾಗಿರಬೇಕು ಎಂದು ಪ್ರೋಗ್ರಾಂ ಒತ್ತಾಯಿಸುತ್ತದೆ.

ಸಾಲುಗಳಿಗೆ ವರ್ಗಗಳನ್ನು ತುಂಬುವ ವಿಧಾನ ಸರಳವಾದದ್ದು. ದೊಡ್ಡ ವರ್ಗವನ್ನು ಮೊದಲು ತೆಗೆದುಕೊಂಡು, ಆ ಹೊತ್ತಿಗೆ ಎಲ್ಲಕ್ಕಿಂತ ಬೇಗ ಖಾಲಿಯಾಗುವ ಸಾಲಿಗೆ ಸೇರಿಸುತ್ತಾ ಹೋಗುವುದು. ಯಂತ್ರಗಳಿಗೆ ಕೆಲಸ ಹಂಚುವ ಲೆಕ್ಕದಲ್ಲಿ ಈ ವಿಧಾನ ಹಳೆಯದು. ಅತ್ಯುತ್ತಮ ಉತ್ತರಕ್ಕಿಂತ ಮೂರನೇ ಒಂದು ಪಾಲಿಗಿಂತ ಹೆಚ್ಚು ಇದು ಎಂದಿಗೂ ಕೆಡುವುದಿಲ್ಲ ಎಂದು ಗಣಿತಜ್ಞ ರಾನಲ್ಡ್ ಗ್ರಹಾಂ 1969ರಲ್ಲಿ ತೋರಿಸಿದ್ದರು. ಒಂದು ಸ್ಥಳೀಯ ಸ್ಪರ್ಧೆಯ ಗಾತ್ರಕ್ಕೆ ಉತ್ತರ ಸಾಮಾನ್ಯವಾಗಿ ಕನಿಷ್ಠ ಮಿತಿಯ ಹತ್ತಿರವೇ ಬಂದು ನಿಲ್ಲುತ್ತದೆ. ಆಮೇಲೆ ವರ್ಗಗಳ ಕ್ರಮವನ್ನು ಅಲ್ಲಲ್ಲಿ ಬದಲಿಸಿ ಮತ್ತೆ ಮತ್ತೆ ತುಂಬಿಸಿ, ಸಿಕ್ಕಿದ್ದರಲ್ಲಿ ಚೆನ್ನಾಗಿರುವುದನ್ನು ಇಟ್ಟುಕೊಳ್ಳುತ್ತದೆ. ಇಂಥ ಲೆಕ್ಕ ಬಿಡಿಸುವ ದೊಡ್ಡ ಸಾಲ್ವರ್ ತಂತ್ರಾಂಶಗಳನ್ನು ತರುವ ಅಗತ್ಯ ನನಗೆ ಕಾಣಲಿಲ್ಲ. ಅದಕ್ಕಿಂತ ಉಪಯುಕ್ತವಾದದ್ದು, ಪ್ರತಿ ಕಂಟ್ರೋಲ್ ಗುಂಪಿನ ಕನಿಷ್ಠ ಮಿತಿಯನ್ನೂ ಸಿಕ್ಕ ಉತ್ತರವನ್ನೂ ಅಕ್ಕಪಕ್ಕ ಮುದ್ರಿಸಿದ್ದು. ಎಲ್ಲಿ ಕೈಯಾಡಿಸಿದರೆ ಲಾಭ, ಎಲ್ಲಿ ಸುಮ್ಮನಿರುವುದು ಲೇಸು ಎಂಬುದು ಆ ಎರಡು ಅಂಕಣಗಳಲ್ಲಿ ತಿಳಿಯುತ್ತದೆ.

ಆ ಅಂಕಣಗಳನ್ನು ಕೋರ್ಸ್ ಹಾಕಿದವರ ಮುಂದಿಟ್ಟು, ಡಿ21ಕ್ಕೆ ಬೇರೊಂದು ಮೊದಲ ಕಂಟ್ರೋಲ್ ಕೊಡಲು ಸಾಧ್ಯವೇ ಎಂದು ಕೇಳಿದೆ. ಹಾಗಾದರೆ 47ರಲ್ಲಿ ಎರಡೇ ವರ್ಗ ಉಳಿದು, 2 ನಿಮಿಷದ ಅಂತರದಲ್ಲಿಯೇ ಎಲ್ಲವೂ 11:20ಕ್ಕೆ ಮುಗಿಯುತ್ತಿತ್ತು. ಅವರು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು: ಸ್ಟಾರ್ಟ್‌ನ ಪೂರ್ವಕ್ಕೆ ಎಳೆಯ ಗಿಡ ನೆಟ್ಟ ಜಾಗ, ಅಲ್ಲಿ ಓಡುವಂತಿಲ್ಲ, ಪಶ್ಚಿಮಕ್ಕೆ ಹೋದರೆ ಮೊದಲ ಹೆಜ್ಜೆಗಳೆಲ್ಲ ಬಂಡಿದಾರಿಯ ಮೇಲೆಯೇ, ನಕ್ಷೆ ನೋಡುವ ಕೆಲಸವೇ ಇರುವುದಿಲ್ಲ. ನಲವತ್ತು ನಿಮಿಷ ಉಳಿಸುವುದಕ್ಕಾಗಿ ಒಳ್ಳೆಯ ಆರಂಭವನ್ನು ಕೆಡಿಸುವುದು ಬೇಡವೆಂಬ ಅವರ ಮಾತು ನನಗೂ ಸರಿಯೆನಿಸಿತು. 3 ನಿಮಿಷ, 12 ಗಂಟೆ ಎಂದು ತೀರ್ಮಾನವಾಯಿತು.

ಇನ್ನೊಂದು ಮಿತಿ ಸ್ಟಾರ್ಟ್ ಜಾಗದ್ದು. ಹೊರಡುವ ಸಮಯಕ್ಕೆ ಕೆಲವು ನಿಮಿಷ ಮೊದಲೇ ಓಟಗಾರರ ಹೆಸರು ಕೂಗಿ, ಪ್ರತಿ ಕಂಟ್ರೋಲ್ ತಲುಪಿದ್ದನ್ನು ದಾಖಲಿಸುವ ಸ್ಪೋರ್ಟ್‌ಐಡೆಂಟ್ ಚಿಪ್‌ನಲ್ಲಿ ಹಳೆಯ ದಾಖಲೆ ಸರಿಯಾಗಿ ಅಳಿಸಿದೆಯೇ ಎಂದು ಪರೀಕ್ಷಿಸಿ, ನೆಲದ ಮೇಲೆ ಗುರುತಿಸಿದ ಅಂಕಣಗಳಲ್ಲಿ ನಿಮಿಷಕ್ಕೊಂದರಂತೆ ಮುಂದೆ ಸರಿಸುತ್ತಾರೆ; ನಡುವಿನ ಅಂಕಣದಲ್ಲಿ ಕಂಟ್ರೋಲ್ ವಿವರಣೆಯ ಚೀಟಿ, ಕೊನೆಯದರಲ್ಲಿ ವರ್ಗವಾರು ನಕ್ಷೆಯ ಪೆಟ್ಟಿಗೆಗಳು. ಆ ಅಂಕಣದ ಅಗಲಕ್ಕಿಂತ ಹೆಚ್ಚು ಜನ ಒಂದೇ ನಿಮಿಷಕ್ಕೆ ಬಂದರೆ ಪಕ್ಕದ ಪೆಟ್ಟಿಗೆಯ ನಕ್ಷೆ ಕೈಗೆ ಬರುವುದು ಖಂಡಿತ. ನಿಮಿಷಕ್ಕೆ ಆರು ಜನ ಎಂದು ಮಿತಿ ಹಾಕಿದೆ.

ಚೀಟಿ ಎತ್ತುವುದು

ಒಂದೇ ಕ್ಲಬ್ಬಿನ ಇಬ್ಬರು ಒಂದರ ಹಿಂದೊಂದು ಹೊರಡಬಾರದು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಒಂದೇ ಶಾಲೆಯ ಮಕ್ಕಳನ್ನು ಅಕ್ಕಪಕ್ಕ ಕೂರಿಸದಿರುವ ಕಾರಣವೇ ಇಲ್ಲೂ ಇದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಕ್ಲಬ್ಬಿನ ಬದಲು ದೇಶದ ಒಕ್ಕೂಟ ಎಂದಿದೆ, ಪರಿಹಾರವನ್ನೂ ಅದೇ ಹೇಳುತ್ತದೆ: ಒಂದೇ ಕಡೆಯ ಇಬ್ಬರು ಒಟ್ಟಿಗೆ ಬಂದರೆ ಅವರ ನಂತರದವರನ್ನು ತಂದು ನಡುವೆ ಸೇರಿಸಬೇಕು, ಪಟ್ಟಿಯ ಕೊನೆಯಲ್ಲಿ ಹಾಗಾದರೆ ಮೊದಲಿನವರನ್ನು ಸೇರಿಸಬೇಕು. ಕೈಯಿಂದ ಚೀಟಿ ಎತ್ತುವಾಗ ಇದು ಸೊಗಸಾದ ವಿಧಾನ. ಆದರೆ ಇದರಲ್ಲಿ ಎಲ್ಲ ಕ್ರಮಗಳಿಗೂ ಸಮಾನ ಅವಕಾಶ ಸಿಗುವುದಿಲ್ಲ ಎಂಬುದನ್ನು ನಾಲ್ಕೇ ಜನರಲ್ಲಿ ನೋಡಬಹುದು.

ನಾಲ್ವರಲ್ಲಿ ಇಬ್ಬರು ಒಂದೇ ಕ್ಲಬ್ಬಿನವರು ಎನ್ನೋಣ. ಆ ಇಬ್ಬರು ಅಕ್ಕಪಕ್ಕ ಬರದಂತೆ ನಿಲ್ಲುವ ಸ್ಥಾನಗಳು ಮೂರೇ ಬಗೆ: 1 ಮತ್ತು 3, 1 ಮತ್ತು 4, 2 ಮತ್ತು 4. ಚೀಟಿ ಎತ್ತಿದಾಗ ಮೊದಲಿಗೆ ಸಿಗಬಹುದಾದ ಬಗೆಗಳು ಆರು, ಆರಕ್ಕೂ ಸಮಾನ ಸಾಧ್ಯತೆ. 1-2 ಬಂದರೆ ನಿಯಮದ ಪ್ರಕಾರ ಅದು 1-3 ಆಗುತ್ತದೆ. 2-3 ಬಂದರೆ 2-4 ಆಗುತ್ತದೆ. 3-4 ಬಂದರೆ ಅದೂ 2-4 ಆಗುತ್ತದೆ. ಕೊನೆಗೆ 2-4ಕ್ಕೆ ಆರರಲ್ಲಿ ಮೂರು ಪಾಲು, 1-3ಕ್ಕೆ ಎರಡು, 1-4ಕ್ಕೆ ಒಂದೇ. ಇದರಿಂದ ಯಾರಿಗೂ ಹೇಳಿಕೊಳ್ಳುವಷ್ಟು ಅನ್ಯಾಯವಾಗುವುದಿಲ್ಲ, ನಿಜ. ಆದರೂ ಕಂಪ್ಯೂಟರ್ ಎದುರಿಗಿರುವಾಗ ಅಷ್ಟನ್ನೂ ಒಪ್ಪಿಕೊಳ್ಳಬೇಕಾದ ಕಾರಣವಿಲ್ಲ. ಪೂರ್ತಿ ಪಟ್ಟಿಯನ್ನು ಕಲೆಸುವುದು, ಒಂದೇ ಕ್ಲಬ್ಬಿನವರು ಎಲ್ಲಿಯಾದರೂ ಒಟ್ಟಿಗೆ ಬಂದಿದ್ದರೆ ಇಡೀ ಪಟ್ಟಿಯನ್ನೇ ಬಿಸಾಡಿ ಹೊಸದಾಗಿ ಕಲೆಸುವುದು, ಸರಿಯಾದದ್ದು ಬರುವವರೆಗೆ ಇದನ್ನೇ ಮಾಡುವುದು. ಒರಟು ವಿಧಾನ, ಆದರೆ ನಿಯಮಕ್ಕೆ ಒಪ್ಪುವ ಪ್ರತಿಯೊಂದು ಪಟ್ಟಿಗೂ ಇದರಲ್ಲಿ ಒಂದೇ ಸಮನಾದ ಅವಕಾಶ.

ಎಷ್ಟು ಬಾರಿ ಕಲೆಸಬೇಕಾದೀತು? 20 ಜನರಲ್ಲಿ ಒಂದು ಕ್ಲಬ್ಬಿನ 5 ಜನರಿದ್ದು ಉಳಿದವರೆಲ್ಲ ಬೇರೆ ಬೇರೆ ಕಡೆಯವರಾದರೆ, ಕಲೆಸಿದ ಪಟ್ಟಿ ಸರಿಯಾಗಿರುವ ಸಾಧ್ಯತೆ ಶೇಕಡಾ 28. ಅದೇ ಕ್ಲಬ್ಬಿನ 10 ಜನರಿದ್ದರೆ 1,84,756ರಲ್ಲಿ 11 ಮಾತ್ರ, ಅಂದರೆ ಸರಾಸರಿ 16,796 ಬಾರಿ ಕಲೆಸಬೇಕು. ಅದೂ ಕಂಪ್ಯೂಟರಿಗೆ ಹೊರೆಯಲ್ಲ. 11 ಜನರಿದ್ದರೆ ಎಷ್ಟು ಕಲೆಸಿದರೂ ಆಗದು, ಏಕೆಂದರೆ ನಡುವೆ ನಿಲ್ಲಲು ಕನಿಷ್ಠ 10 ಜನ ಬೇಕು, ಇರುವುದು 9. ಮಕ್ಕಳ ವರ್ಗಗಳಲ್ಲಿ ಆತಿಥೇಯ ಕ್ಲಬ್ಬಿನವರೇ ತುಂಬಿಕೊಂಡಿರುವುದರಿಂದ ಇದು ನಿಜವಾಗಿಯೂ ಎದುರಾಗುವ ಸಂಗತಿ. ಆಗ ಖಾಲಿ ಜಾಗಗಳು ಬೇಲಿಯ ಕೆಲಸ ಮಾಡುತ್ತವೆ: ಪ್ರೋಗ್ರಾಂ ಅವುಗಳನ್ನೂ ಯಾವ ಕ್ಲಬ್ಬಿಗೂ ಸೇರದ ಓಟಗಾರರೆಂದು ಎಣಿಸಿ, ಸಾಲದಿದ್ದಷ್ಟನ್ನು ಹೆಚ್ಚಿಗೆ ಸೇರಿಸಿ, ಎಷ್ಟು ಸೇರಿಸಿದೆ ಎಂದು ಹೇಳುತ್ತದೆ.

ಉಳಿದ ವರ್ಗಗಳಲ್ಲಿ ಖಾಲಿ ಜಾಗಗಳನ್ನು ಪಟ್ಟಿಯ ಮುಂಭಾಗದಲ್ಲಿಯೇ ಇಟ್ಟಿದ್ದೇನೆ. ಎತ್ತರದ ಹುಲ್ಲು ಮತ್ತು ಜೌಗು ಇರುವ ಕಾಡಿನಲ್ಲಿ ಮೊದಲು ಹೋದವರ ಹೆಜ್ಜೆಯಿಂದ ಜಾಡು ಮೂಡುತ್ತದೆ, ತಡವಾಗಿ ಹೊರಡುವವರಿಗೆ ಆ ಜಾಡು ಕಂಟ್ರೋಲಿನವರೆಗೂ ದಾರಿ ತೋರಿಸಿಬಿಡುತ್ತದೆ. ಸಮಯ ಮೀರಿ ಹೆಸರು ಕೊಟ್ಟವರಿಗೆ ಆ ಅನುಕೂಲವನ್ನೂ ಸೇರಿಸಿ ಕೊಡುವುದು ನ್ಯಾಯವಲ್ಲ.

ಚಿಕ್ಕ ಮಕ್ಕಳಿರುವ ದಂಪತಿಗಳಿಗೆ ಒಬ್ಬರು ಕಾಡಿನಿಂದ ಮರಳಿದ ಮೇಲೆ ಇನ್ನೊಬ್ಬರು ಹೊರಡುವಂತಿರಬೇಕು. ಇಂಥವರ ಕೋರಿಕೆಗೆ ಪ್ರೋಗ್ರಾಂನಲ್ಲಿ ಎರಡೇ ಉತ್ತರಗಳಿವೆ, ವರ್ಗದ ಮೊದಲರ್ಧ ಅಥವಾ ಎರಡನೆಯ ಅರ್ಧ. ಅರ್ಧದೊಳಗಿನ ಸ್ಥಾನ ಚೀಟಿಯದ್ದೇ. ಕೋರಿಕೆಗೆ ಒಪ್ಪದ ಪಟ್ಟಿಯನ್ನೂ ಕ್ಲಬ್ ನಿಯಮಕ್ಕೆ ಒಪ್ಪದ ಪಟ್ಟಿಯ ಹಾಗೆಯೇ ಬಿಸಾಡುವುದರಿಂದ ಇದಕ್ಕಾಗಿ ಪ್ರತ್ಯೇಕ ಕೋಡ್ ಬೇಕಾಗಲಿಲ್ಲ. ‘ಹನ್ನೊಂದೂಕಾಲರ ಆಸುಪಾಸು ಆದರೆ ಅನುಕೂಲ’ ಎಂಬಂಥ ಕೋರಿಕೆಗಳೂ ಬಂದವು, ಅವುಗಳಿಗೆ ಜಾಗವಿಲ್ಲ. ತೀರಾ ಚಿಕ್ಕ ಮಕ್ಕಳ ವರ್ಗಗಳೂ ಮುಕ್ತ ವರ್ಗಗಳೂ ಪಟ್ಟಿಯಿಂದ ಹೊರಗಿವೆ. ಅವರು ಬಂದಾಗ ಬಂದು, ಸ್ಟಾರ್ಟ್ ಪೆಟ್ಟಿಗೆಯಲ್ಲಿ ಚಿಪ್ ತೋರಿಸಿ ಹೊರಡುತ್ತಾರೆ, ಸಮಯ ಅಲ್ಲಿಂದಲೇ ಎಣಿಕೆಯಾಗುತ್ತದೆ.

ಕಲೆಸುವಿಕೆಯ ಬೀಜಸಂಖ್ಯೆಯನ್ನು, ಅಂದರೆ ಕಂಪ್ಯೂಟರ್ ಯಾದೃಚ್ಛಿಕವಾಗಿ ಕಲೆಸಲು ಆರಂಭಕ್ಕೆ ತೆಗೆದುಕೊಳ್ಳುವ ಸಂಖ್ಯೆಯನ್ನು, ಪಟ್ಟಿಯ ತಲೆಯಲ್ಲಿಯೇ ಮುದ್ರಿಸಿದ್ದೇನೆ. ಅದೇ ಹೆಸರುಗಳ ಕಡತ, ಅದೇ ಬೀಜಸಂಖ್ಯೆ, ಅದೇ ಪೈಥಾನ್ ಆವೃತ್ತಿ ಇದ್ದರೆ ಯಾರು ಓಡಿಸಿದರೂ ಅದೇ ಪಟ್ಟಿ ಬರುತ್ತದೆ. ಬೀಜಸಂಖ್ಯೆಯನ್ನು ನಾನು ಆರಿಸಲಿಲ್ಲ. ಹಲವು ಬೀಜಗಳನ್ನು ಪ್ರಯೋಗಿಸಿ ಇಷ್ಟವಾದ ಪಟ್ಟಿಯನ್ನು ಇಟ್ಟುಕೊಳ್ಳುವುದು ಎಷ್ಟು ಸುಲಭವೆಂಬುದು ಗೊತ್ತಿದ್ದರಿಂದ, ಸಮಿತಿಯ ಸಭೆಯಲ್ಲಿ ದಾಳ ಉರುಳಿಸಿ ಅದನ್ನು ನಿರ್ಧರಿಸಿದೆವು.

ಪರೀಕ್ಷೆ, ಮುದ್ರಣ

ಪಟ್ಟಿ ತಯಾರಿಸುವ ಕೋಡ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಆದ್ದರಿಂದ ಬೇರೊಂದು ಕಡತದಲ್ಲಿ, ಮೊದಲನೆಯದರ ಒಂದು ಸಾಲನ್ನೂ ಬಳಸದೆ, ಹೊರಬಂದ ಎಕ್ಸ್‌ಎಂಎಲ್ ಅನ್ನು ಓದಿ ಪ್ರತಿ ನಿಮಿಷವನ್ನೂ ತಪಾಸಣೆ ಮಾಡುವ ಪರೀಕ್ಷಕವನ್ನು ಬರೆದೆ: ಒಂದೇ ಮೊದಲ ಕಂಟ್ರೋಲಿನ ಇಬ್ಬರಿದ್ದಾರೆಯೇ, ಆರಕ್ಕಿಂತ ಹೆಚ್ಚು ಜನರಿದ್ದಾರೆಯೇ, ಒಂದೇ ಕ್ಲಬ್ಬಿನವರು ಅನುಕ್ರಮವಾಗಿದ್ದಾರೆಯೇ, ಹೆಸರು ಕೊಟ್ಟ ಯಾರಾದರೂ ಬಿಟ್ಟುಹೋಗಿದ್ದಾರೆಯೇ. ಹೊರಡುವ ಸಮಯದ ಜೊತೆ ಕಾಲವಲಯವನ್ನೂ ಬರೆಯುವುದು ಮುಖ್ಯ. ಸ್ವೀಡನ್ನಿನ ಬೇಸಿಗೆ ಸಮಯಕ್ಕೆ +02:00 ಎಂದು ನಮೂದಿಸದೆ ಬಿಟ್ಟರೆ, ಓದುವ ತಂತ್ರಾಂಶ ಅದನ್ನು ಗ್ರೀನಿಚ್ ಸಮಯವೆಂದು ಎಣಿಸಿದರೂ ಎಣಿಸೀತು, ಆಗ ಇಡೀ ಪಟ್ಟಿ ಎರಡು ಗಂಟೆ ಸರಿಯುತ್ತದೆ. ಪರೀಕ್ಷಕ ಒಪ್ಪಿದ ಕಡತವನ್ನು ಮಿಯೋಸ್‌ಗೆ ಸೇರಿಸಿದ ಮೇಲೆ ಫಲಿತಾಂಶದ ಕೆಲಸವೆಲ್ಲ ಅದರದ್ದೇ.

ಮುದ್ರಿಸಿದ್ದು ಎರಡು ಬಗೆಯ ಹಾಳೆಗಳನ್ನು. ಸ್ಪರ್ಧಿಗಳ ಫಲಕಕ್ಕೆ ವರ್ಗವಾರು ಪಟ್ಟಿ. ಸ್ಟಾರ್ಟ್ ಸಿಬ್ಬಂದಿಗೆ ನಿಮಿಷವಾರು ಪಟ್ಟಿ. ಎರಡನೆಯದರಲ್ಲಿ 10:36 ಎಂಬ ದಪ್ಪ ಅಕ್ಷರದ ಕೆಳಗೆ ಆ ನಿಮಿಷದವರು ಮಾತ್ರ: ವರ್ಗ, ಹೆಸರು, ಕ್ಲಬ್, ಚಿಪ್ ಸಂಖ್ಯೆ, ಕೊನೆಯಲ್ಲಿ ಗುರುತು ಹಾಕಲು ಚೌಕ. ಚಿಪ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ದಪ್ಪಗೆ ಮಾಡಿದ್ದೇನೆ, ಏಕೆಂದರೆ ಕರೆಯುವವರು ಓದಿ ಹೇಳುವುದು ಅಷ್ಟನ್ನೇ. ಒಂದು ನಿಮಿಷದವರು ಎರಡು ಹಾಳೆಗಳಿಗೆ ಹಂಚಿಹೋಗಬಾರದು. ಕರೆಯುವ ಜಾಗದ ಗಡಿಯಾರ ಕೆಲವು ನಿಮಿಷ ಮುಂದೆ ಓಡುತ್ತಿರುತ್ತದೆ. ಓಟಗಾರ ತನ್ನ ಹೊರಡುವ ಸಮಯ ಅಲ್ಲಿ ಕಂಡಾಗ ಮೊದಲ ಅಂಕಣಕ್ಕೆ ಕಾಲಿಟ್ಟರೆ ಸಾಕು, ಕಳೆಯುವ ಲೆಕ್ಕವನ್ನು ತಾನು ಮಾಡಬೇಕಿಲ್ಲ. ತಡವಾಗಿ ಬಂದವರ ಚೌಕ ಖಾಲಿ ಉಳಿಯುತ್ತದೆ. ತಪ್ಪು ಅವರದ್ದೇ ಆಗಿದ್ದರೆ ಹೊರಡಲು ಬಿಡುತ್ತಾರೆ, ಆದರೆ ಓಟದ ಸಮಯ ಪಟ್ಟಿಯಲ್ಲಿದ್ದ ನಿಮಿಷದಿಂದಲೇ ಎಣಿಕೆಯಾಗುತ್ತದೆ. ಆಯೋಜಕರ ತಪ್ಪಾಗಿದ್ದರೆ ಹೊಸ ಸಮಯ ಕೊಡುತ್ತಾರೆ. ಹೊಸ ಸಮಯಕ್ಕಾಗಿ ಆ ಮೊದಲ ಕಂಟ್ರೋಲಿನ ಗುಂಪಿನಲ್ಲಿ ಯಾರೂ ಹೊರಡದ ನಿಮಿಷಗಳ ಪಟ್ಟಿಯನ್ನು ಕೊನೆಯ ಹಾಳೆಯಾಗಿ ಸೇರಿಸಿದ್ದೇನೆ. 47ರ ಗುಂಪಿನಲ್ಲಿ ಅಂಥ ಮೊದಲ ನಿಮಿಷ 11:23, ಡಿ21 ಮುಗಿದ ನಂತರ ಆ ಸಾಲಿನಲ್ಲಿ ಬರುವ ಮೊದಲ ಜಾಗ.

ಪ್ರೋಗ್ರಾಂ ಇನ್ನೂ ಮಾಡಲಾರದ್ದು ಹಲವು ದಿನಗಳ ಸ್ಪರ್ಧೆಯ ಕೊನೆಯ ಹಂತವನ್ನು. 1965ರಿಂದ ನಡೆಯುತ್ತಿರುವ ಇಲ್ಲಿನ ಓ-ರಿಂಗನ್‌ನಲ್ಲಿ, ಹಿಂದಿನ ಹಂತಗಳ ಒಟ್ಟು ಸಮಯದಲ್ಲಿ ಮುಂದಿರುವವರು ಕೊನೆಯ ದಿನ ಮೊದಲು ಹೊರಡುತ್ತಾರೆ, ಉಳಿದವರು ತಾವು ಹಿಂದಿದ್ದಷ್ಟೇ ಸಮಯದ ನಂತರ. ಅಲ್ಲಿ ಚೀಟಿಯೂ ಇಲ್ಲ, ಅಂತರವೂ ಇಲ್ಲ, ಹೊರಡುವುದು ಸೆಕೆಂಡಿನ ಲೆಕ್ಕದಲ್ಲಿ. ಸಾಲುಗಳ ನನ್ನ ಜೋಡಣೆಯೆಲ್ಲ ಪೂರ್ಣ ನಿಮಿಷದ ಮೇಲೆ ನಿಂತಿರುವುದರಿಂದ, ಆ ಹಂತಕ್ಕೆ ವರ್ಗಗಳ ಆರಂಭದ ಸಮಯವನ್ನು ಮಾತ್ರ ಲೆಕ್ಕ ಹಾಕಿ, ಒಳಗಿನ ಸಮಯಗಳನ್ನು ಹಿಂದಿನ ಫಲಿತಾಂಶದ ಕಡತದಿಂದ ನೇರವಾಗಿ ಎತ್ತಿಕೊಳ್ಳುವ ಪ್ರತ್ಯೇಕ ಭಾಗವನ್ನು ಈಗ ಬರೆಯುತ್ತಿದ್ದೇನೆ.